ಹತ್ತು ತಿಂಗಳ ಮಗುವಿನೊಂದಿಗೆ ಲಂಡನ್: ಮೊದಲು ಮೆಟ್ಟಿಲು ಎಣಿಸಿ

ಪ್ರಶ್ನೆ: ನನ್ನ ಮಗನಿಗೆ ಈಗ ಎಂಟು ತಿಂಗಳು. ಮೇ ಮಧ್ಯಭಾಗದಲ್ಲಿ ನನ್ನ ಪತಿ ಕಚೇರಿ ಕೆಲಸದ ಮೇಲೆ ಮೂರು ವಾರ ಲಂಡನ್‌ಗೆ ಹೋಗಬೇಕಾಗಿದೆ. ಅವರ ಕಚೇರಿ ಇರುವುದು ಕ್ಯಾನರಿ ವಾರ್ಫ್‌ನಲ್ಲಿ. ಮಗುವನ್ನು ಕರೆದುಕೊಂಡು ನಾನೂ ಹೋಗಬೇಕೆಂದು ಆಸೆ. ‘ಹಲ್ಲು ಬರುತ್ತಿರುವ ಕೂಸನ್ನು ಆ ಚಳಿಗೆ ಕರೆದುಕೊಂಡು ಹೋಗುತ್ತೀರಾ?’ ಎಂದು ಅತ್ತೆ ಕೇಳುತ್ತಿದ್ದಾರೆ. ವಿಮಾನದಲ್ಲಿ ಅತ್ತರೆ ಏನು ಮಾಡುವುದು, ಊಟಕ್ಕೇನು ಒಯ್ಯುವುದು, ಜ್ವರ ಬಂದರೆ ಎಲ್ಲಿಗೆ ಓಡುವುದು, ತಳ್ಳುಗಾಡಿ ಬೇಕೋ ಬೇಡವೋ, ಒಂದೂ ತಿಳಿಯುತ್ತಿಲ್ಲ. ಹಗಲು ಹೊತ್ತಿನಲ್ಲಿ ನಾನೊಬ್ಬಳೇ ಮಗುವನ್ನು ನೋಡಿಕೊಳ್ಳಬೇಕು.
– ಓದುಗರು, ಮೈಸೂರು

ಉತ್ತರ: ಹೋಗಿ ಬನ್ನಿ. ಆರೋಗ್ಯವಾಗಿರುವ ಹತ್ತು ತಿಂಗಳ ಮಗು ಲಂಡನ್ ಪ್ರವಾಸವನ್ನು ತಡೆದುಕೊಳ್ಳುತ್ತದೆ. ತಡೆದುಕೊಳ್ಳಬೇಕಾದವರು ನೀವು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಕೊನೆಯ ಸಾಲು. ವಿಮಾನದ ಹತ್ತು-ಹನ್ನೊಂದು ಗಂಟೆ ಹೇಗೋ ಕಳೆದುಹೋಗುತ್ತದೆ. ಪತಿ ಕಚೇರಿಗೆ ಹೊರಟ ಮೇಲೆ ಎಂಟೊಂಬತ್ತು ಕಿಲೋ ತೂಗುವ ಮಗು, ಅದರ ಗಾಡಿ, ಡೈಪರ್ ಚೀಲ ಇಷ್ಟನ್ನೂ ಹಿಡಿದುಕೊಂಡು ಯಾವುದೋ ನಿಲ್ದಾಣದ ಮೆಟ್ಟಿಲುಗಳ ಬುಡದಲ್ಲಿ ಒಬ್ಬರೇ ನಿಲ್ಲುತ್ತೀರಲ್ಲ, ಯೋಚಿಸಬೇಕಾದದ್ದು ಆ ಹೊತ್ತಿನ ಬಗ್ಗೆ. ಆದ್ದರಿಂದ ಚಳಿ, ವಿಮಾನದ ವಿಷಯ ಆಮೇಲೆ. ಎಲ್ಲಿ ಉಳಿದುಕೊಳ್ಳುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸೋಣ.

ಲಂಡನ್‌ನ ಭೂಗತ ರೈಲು ಶುರುವಾದದ್ದು 1863ರಲ್ಲಿ. ಲಿಫ್ಟ್‌ಗಳಿಲ್ಲದ ಕಾಲದ ನಿಲ್ದಾಣಗಳು ಇಂದಿಗೂ ಬಳಕೆಯಲ್ಲಿವೆ. 272 ನಿಲ್ದಾಣಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗದಲ್ಲಿ ಮಾತ್ರ ಮೆಟ್ಟಿಲು ಹತ್ತದೆ ರಸ್ತೆಯಿಂದ ಪ್ಲಾಟ್‌ಫಾರಂ ತಲುಪಬಹುದು. ನಮ್ಮ ಮೆಟ್ರೊದಲ್ಲಿ ಎಲ್ಲೆಡೆ ಲಿಫ್ಟ್ ಇರುವುದನ್ನು ನೋಡಿ ಅಭ್ಯಾಸವಾದವರಿಗೆ ಇದು ನಂಬಲಾಗದ ಸಂಗತಿ. ನಿಮ್ಮ ಅದೃಷ್ಟಕ್ಕೆ ಕ್ಯಾನರಿ ವಾರ್ಫ್ ಹೊಸ ಕಾಲದ ಪ್ರದೇಶ. 1999ರಲ್ಲಿ ವಿಸ್ತರಿಸಿದ ಜುಬಿಲಿ ಮಾರ್ಗದಲ್ಲಿ ವೆಸ್ಟ್‌ಮಿನ್‌ಸ್ಟರ್‌ನಿಂದ ಸ್ಟ್ರಾಟ್‌ಫರ್ಡ್‌ವರೆಗೆ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದ 41 ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿ ಉಂಟು. ಚಾಲಕರಿಲ್ಲದೆ ಓಡುವ ಡಾಕ್‌ಲ್ಯಾಂಡ್ಸ್ ಲಘು ರೈಲಿನಲ್ಲಿಯೂ ಹಾಗೆಯೇ. ಈ ಮೂರೂ ಸಿಗುವ ಜಾಗಗಳು ಎರಡು: ಕ್ಯಾನರಿ ವಾರ್ಫ್ ಮತ್ತು ಸ್ಟ್ರಾಟ್‌ಫರ್ಡ್.

ನನ್ನ ಮತ ಸ್ಟ್ರಾಟ್‌ಫರ್ಡ್‌ಗೆ. ಕ್ಯಾನರಿ ವಾರ್ಫ್ ಬ್ಯಾಂಕುಗಳ ಊರು. ವಾರದ ದಿನ ಕೋಟು ತೊಟ್ಟವರ ಓಡಾಟ, ಮಗುವನ್ನು ನೆಲಕ್ಕೆ ಬಿಡಲು ಜಾಗ ಹುಡುಕಬೇಕು. ಸ್ಟ್ರಾಟ್‌ಫರ್ಡ್‌ನಲ್ಲಿ 2012ರ ಒಲಿಂಪಿಕ್ಸ್ ನಡೆದ ಜಾಗವೇ ಈಗ ವಿಶಾಲವಾದ ಉದ್ಯಾನ. ಎದುರಿಗೆ ದೊಡ್ಡ ಮಾಲ್ ಇದೆ. ಮಳೆ ಬಂದರೆ ಅಲ್ಲಿಗೆ ನುಗ್ಗಬಹುದು, ಮಗುವಿಗೆ ಹಾಲುಣಿಸಲು, ಡೈಪರ್ ಬದಲಿಸಲು ಕೋಣೆಗಳೂ ಇವೆ. ಅಕ್ಕಿ, ಬೇಳೆ, ರಾಗಿ ಹಿಟ್ಟು ಸಿಗುವ ಈಸ್ಟ್ ಹ್ಯಾಮ್ ಅಲ್ಲಿಂದ ದೂರವಿಲ್ಲ. ಪತಿಗೆ ಕಚೇರಿ ನೇರ ರೈಲಿನಲ್ಲಿ ಹತ್ತು-ಹನ್ನೆರಡು ನಿಮಿಷ.

ಕಂಪನಿ ಹೋಟೆಲ್ ಕೋಣೆ ಕೊಡುತ್ತೇನೆಂದರೆ ಒಪ್ಪಬೇಡಿ. ಅದೇ ಹಣಕ್ಕೆ ಅಡುಗೆಮನೆಯಿರುವ ಸರ್ವಿಸ್ ಅಪಾರ್ಟ್‌ಮೆಂಟ್ ಕೊಡಿಸಲು ಪತಿ ಈಗಲೇ ಕೇಳಲಿ. ಮನೆ ಎಷ್ಟನೇ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ, ಮಗುವಿಗೆ ತೊಟ್ಟಿಲು ಮಂಚ ಕೊಡುತ್ತಾರೆಯೇ, ಕಿಟಕಿಗೆ ಬೆಳಕು ತಡೆಯುವ ದಪ್ಪ ಪರದೆ ಇದೆಯೇ ಎಂಬ ನಾಲ್ಕು ಮಾತು ಬರವಣಿಗೆಯಲ್ಲಿ ಇತ್ಯರ್ಥವಾಗಲಿ. ಹಳೆಯ ಮನೆಗಳನ್ನು ಒಡೆದು ಮಾಡಿದ ಫ್ಲಾಟುಗಳು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತವೆ. ಅಲ್ಲಿ ಕಡಿದಾದ ಮರದ ಮೆಟ್ಟಿಲೇ ಗತಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿ ಕಳುಹಿಸುವುದಿಲ್ಲ. ಅಲ್ಲಿನ ಹೆಚ್ಚಿನ ಬಚ್ಚಲುಮನೆಗಳ ನೆಲದಲ್ಲಿ ನೀರು ಹೋಗುವ ಕಂಡಿಯೇ ಇರುವುದಿಲ್ಲ. ಕಾಲು ಚಾಚಿ ಕುಳಿತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಚೊಂಬಿನಲ್ಲಿ ಬಿಸಿನೀರು ಹೊಯ್ಯುವ ನಮ್ಮ ಪದ್ಧತಿಗೆ ಅಲ್ಲಿ ಜಾಗವಿಲ್ಲ. ಹೊಯ್ದ ನೀರು ಕೆಳಗಿನ ಮನೆಯವರ ಚಾವಣಿಯಲ್ಲಿ ಒಸರುತ್ತದೆ. ಎಣ್ಣೆ ಹಚ್ಚಿ, ಟಬ್ಬಿನೊಳಗೆ ಸ್ವಲ್ಪವೇ ನೀರು ಬಿಟ್ಟು, ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ತೊಳೆಯಿರಿ. ಲಂಡನ್ನಿನದು ಗಡಸು ನೀರು, ಕೆಟಲಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಮಗುವಿನ ಚರ್ಮ ಒಣಗಿದಂತೆ ಕಂಡರೆ ಸೋಪು ಕಡಿಮೆ ಮಾಡಿ, ದಿನಾ ತಲೆಸ್ನಾನ ಬಿಡಿ.

ತಳ್ಳುಗಾಡಿ ಬೇಕೇ ಎಂದು ಕೇಳಿದ್ದೀರಿ. ಬೇಕು, ಎದೆಗೆ ಕಟ್ಟಿಕೊಳ್ಳುವ ಚೀಲವೂ ಬೇಕು. ಗಾಡಿ ದುಬಾರಿಯದ್ದಾಗಬೇಕಿಲ್ಲ, ಒಂದೇ ಕೈಯಲ್ಲಿ ಮಡಚುವಂಥದ್ದಾಗಬೇಕು. ಅಂಗಡಿಯಲ್ಲೇ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಮಡಚಿ ನೋಡಿ. ಆಗದಿದ್ದರೆ ಎಷ್ಟು ಚೆಂದವಿದ್ದರೂ ಬಿಟ್ಟುಬನ್ನಿ. ಇದಕ್ಕೆ ಕಾರಣ ಬಸ್ಸು. ಲಂಡನ್ ಬಸ್ಸಿನ ಮಧ್ಯದ ಬಾಗಿಲಿನ ಹತ್ತಿರ ಗಾಡಿ ನಿಲ್ಲಿಸಲು ಜಾಗವಿದೆ, ಮಗುವನ್ನು ಎತ್ತದೆಯೇ ಒಳಗೆ ಹೋಗಬಹುದು. ಆದರೆ ಆ ಜಾಗದ ಮೇಲೆ ಮೊದಲ ಹಕ್ಕು ಗಾಲಿಕುರ್ಚಿಯಲ್ಲಿ ಬರುವವರದ್ದು. ಮಗುವಿನ ಗಾಡಿ ಇದ್ದ ಕಾರಣಕ್ಕೆ ಬಸ್ ಹತ್ತಲಾಗದ ಗಾಲಿಕುರ್ಚಿ ಪ್ರಯಾಣಿಕರೊಬ್ಬರ ಮೊಕದ್ದಮೆ ಬ್ರಿಟನ್ನಿನ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2017ರಲ್ಲಿ ತೀರ್ಪು ಬಂದಿದೆ. ಅವರು ಬಂದಾಗ ಮಗುವನ್ನು ಎತ್ತಿಕೊಂಡು ಗಾಡಿ ಮಡಚಿ ಜಾಗ ಬಿಡಬೇಕು. ಬೇಸರಿಸದೆ ಬಿಡಿ.

ಒಬ್ಬರೇ ಇರುವಾಗ ರೈಲಿಗಿಂತ ಬಸ್ಸನ್ನೇ ನಂಬಿ ಎನ್ನುತ್ತೇನೆ. ನಿಧಾನ, ಒಪ್ಪುತ್ತೇನೆ. ಆದರೆ ನಿಮಗೆ ಯಾವ ಆತುರವಿದೆ? ಕ್ಯಾನರಿ ವಾರ್ಫ್ ಪಕ್ಕದ ಪಾಪ್ಲರ್ ಕಡೆಯಿಂದ ಹೊರಡುವ 15ನೇ ನಂಬರಿನ ಬಸ್ಸು ಲಂಡನ್ ಟವರ್, ಸೇಂಟ್ ಪಾಲ್ಸ್ ಚರ್ಚು, ಫ್ಲೀಟ್ ಸ್ಟ್ರೀಟ್ ಎಲ್ಲವನ್ನೂ ಕಿಟಕಿಯಲ್ಲೇ ತೋರಿಸುತ್ತಾ ಟ್ರಫಾಲ್ಗರ್ ಚೌಕದ ಬಳಿಗೆ ಮುಟ್ಟಿಸುತ್ತದೆ. ಪ್ರವಾಸಿ ಬಸ್ಸಿನವರು ಇದಕ್ಕೇ ದೊಡ್ಡ ಮೊತ್ತ ಕೀಳುತ್ತಾರೆ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ವಿದೇಶದಲ್ಲಿ ಬಳಸಲು ಅನುಮತಿಯಿರುವ, ತಾಗಿಸಿ ಪಾವತಿಸುವ ಕಾರ್ಡು ಸಾಕು, ಆದರೆ ನಿಮಗೊಂದು ಪತಿಗೊಂದು ಬೇರೆ ಬೇರೆ ಇರಬೇಕು. ಮಗುವಿಗೆ ಟಿಕೆಟ್ ಇಲ್ಲ. ಒಮ್ಮೆ ಕೊಟ್ಟ ಬಸ್ ದರದಲ್ಲೇ ಒಂದು ಗಂಟೆಯೊಳಗೆ ಬೇರೆ ಬಸ್ಸುಗಳನ್ನೂ ಹತ್ತಬಹುದು. ಮಗು ಅಳಲು ಶುರುಮಾಡಿತೇ, ಮುಂದಿನ ನಿಲ್ದಾಣದಲ್ಲಿ ಇಳಿದು ಸಮಾಧಾನ ಮಾಡಿ ಮತ್ತೆ ಹತ್ತಿ. ಸುರಂಗದ ರೈಲಿನಲ್ಲಿ ಆ ಸೌಲಭ್ಯವಿಲ್ಲ.

ರೈಲು ಹತ್ತುವಾಗ ಒಂದು ಗುರುತು ಕಲಿತುಕೊಳ್ಳಿ. ನಕ್ಷೆಯಲ್ಲಿ ನಿಲ್ದಾಣದ ಮೇಲೆ ನೀಲಿ ಬಣ್ಣದ ಗಾಲಿಕುರ್ಚಿ ಚಿಹ್ನೆ ಇದ್ದರೆ ರಸ್ತೆಯಿಂದ ರೈಲಿನೊಳಗಿನವರೆಗೆ ಎಲ್ಲೂ ಮೆಟ್ಟಿಲಿಲ್ಲ. ಬಿಳಿಯಿದ್ದರೆ ಪ್ಲಾಟ್‌ಫಾರಂವರೆಗೆ ಮಾತ್ರ. ರೈಲು ಹತ್ತುವಾಗ ಎತ್ತರದ ವ್ಯತ್ಯಾಸವೋ ಸಂದೋ ಇರುತ್ತದೆ, ಗಾಡಿಯ ಮುಂದಿನ ಚಕ್ರ ಎತ್ತಬೇಕಾಗುತ್ತದೆ. ಚಿಹ್ನೆಯೇ ಇಲ್ಲದ ನಿಲ್ದಾಣಕ್ಕೆ ನೀವೊಬ್ಬರೇ ಹೋಗಬೇಡಿ. ಎಸ್ಕಲೇಟರ್ ಮೇಲೆ ಮಗು ಕುಳಿತಿರುವ ಗಾಡಿಯನ್ನು ಏರಿಸುವ ಸಾಹಸವಂತೂ ಬೇಡವೇ ಬೇಡ. ಬೆಳಿಗ್ಗೆ ಒಂಬತ್ತೂವರೆಯ ಮೊದಲು, ಸಂಜೆ ನಾಲ್ಕರಿಂದ ಏಳರವರೆಗೆ ರೈಲಿನಲ್ಲಿ ಜನವೂ ಹೆಚ್ಚು, ದರವೂ ಹೆಚ್ಚು.

ಕಾರಿನ ವಿಷಯದಲ್ಲಿ ಕಾನೂನು ಸ್ವಲ್ಪ ವಿಚಿತ್ರ. ಟ್ಯಾಕ್ಸಿಯಲ್ಲಿ ಮಗುವಿನ ಆಸನವಿಲ್ಲದಿದ್ದರೂ ಹಿಂದಿನ ಸೀಟಿನಲ್ಲಿ ಕರೆದೊಯ್ಯಲು ಅವಕಾಶವಿದೆ. ಕಪ್ಪು ಟ್ಯಾಕ್ಸಿಗಳಲ್ಲಿ ಗಾಡಿಯನ್ನು ಮಡಚದೆ ಹತ್ತಿಸಬಹುದು. ಆದರೆ ನೆಂಟರೊಬ್ಬರು ಪ್ರೀತಿಯಿಂದ ತಮ್ಮ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಂದರೆ ಆ ವಿನಾಯಿತಿ ಇಲ್ಲ. ಮಗುವಿನ ಆಸನ ಕಡ್ಡಾಯ. ‘ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ’ ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಅವರಿಗೆ ಮೊದಲೇ ಹೇಳಿಡಿ, ಅಥವಾ ಹೀಥ್ರೂದಿಂದ ಎಲಿಜಬೆತ್ ಮಾರ್ಗದಲ್ಲೇ ಬನ್ನಿ.

ದಿನಚರಿ ಹೇಗಿರಬೇಕು? ಮೇ ತಿಂಗಳಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮೈಸೂರಿನಲ್ಲಿ ಏಳೂವರೆಗೆ ಏಳುವ ಮಗು ಅಲ್ಲಿ ಮೂರಕ್ಕೇ ಎದ್ದು ಕುಳಿತು ಚಪ್ಪಾಳೆ ತಟ್ಟುತ್ತದೆ. ಮೊದಲ ನಾಲ್ಕೈದು ದಿನ ಹೀಗೆಯೇ. ಆ ಹೊತ್ತಿನಲ್ಲಿ ದೀಪ ಹಾಕಿ ಆಟ ಶುರುಮಾಡಿದರೆ ಅದೇ ಅದರ ಬೆಳಗಾಗುತ್ತದೆ. ಕತ್ತಲಲ್ಲೇ ಹಾಲು ಕೊಟ್ಟು, ಮೆಲುದನಿಯಲ್ಲಿ ಮಾತಾಡಿ ಮಲಗಿಸಲು ನೋಡಿ. ಐದರ ಹೊತ್ತಿಗೆ ಹೊರಗೆ ಬೆಳಕಾಗಿರುತ್ತದೆ. ಆರಕ್ಕೋ ಏಳಕ್ಕೋ ಉದ್ಯಾನಕ್ಕೆ ಹೊರಡಿ. ದೇಹದ ಗಡಿಯಾರವನ್ನು ಹೊಸ ಊರಿಗೆ ಹೊಂದಿಸುವುದು ಹಗಲಿನ ಬೆಳಕು. ಸಂಜೆ ಐದೂವರೆಗೆ ನಿದ್ದೆಗೆ ಜೋಲುವ ಮಗುವನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ತಡವಾಗಿ ಮಲಗಿಸುತ್ತಾ ಬನ್ನಿ. ರಾತ್ರಿ ಎಂಟೂವರೆಯಾದರೂ ಕತ್ತಲಾಗುವುದಿಲ್ಲವಾದ್ದರಿಂದಲೇ ದಪ್ಪ ಪರದೆಯ ಬಗ್ಗೆ ಹೇಳಿದ್ದು. ಪರದೆ ತೆಳ್ಳಗಿದ್ದರೆ ಕಪ್ಪು ಬಟ್ಟೆಯೊಂದನ್ನು ಕಿಟಕಿಗೆ ಅಂಟಿಸಿ.

ದಿನಕ್ಕೆ ಒಂದು ಜಾಗ ಸಾಕು. ಮಧ್ಯಾಹ್ನ ಎರಡರೊಳಗೆ ಮನೆ ಸೇರಿ. ನಿಸರ್ಗ ಇತಿಹಾಸದ ಮ್ಯೂಸಿಯಂ, ವಿಜ್ಞಾನ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ ಎಲ್ಲಕ್ಕೂ ಪ್ರವೇಶ ಉಚಿತ. ಹಣ ಕೊಟ್ಟಿಲ್ಲವಾದ್ದರಿಂದ ಅರ್ಧ ಗಂಟೆಗೇ ಹೊರಬಂದರೂ ಹೊಟ್ಟೆ ಉರಿಯುವುದಿಲ್ಲ, ಮಗುವಿದ್ದಾಗ ಇದು ದೊಡ್ಡ ನೆಮ್ಮದಿ. ನನಗೆ ಎಲ್ಲಕ್ಕಿಂತ ಇಷ್ಟದ ಜಾಗ ಬ್ಲೂಮ್ಸ್‌ಬರಿಯ ಕೋರಮ್ಸ್ ಫೀಲ್ಡ್ಸ್. ಏಳು ಎಕರೆಯ ಈ ಆಟದ ಮೈದಾನಕ್ಕೆ ಮಗು ಜೊತೆಯಲ್ಲಿಲ್ಲದ ದೊಡ್ಡವರನ್ನು ಒಳಗೇ ಬಿಡುವುದಿಲ್ಲ. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ 1739ರಲ್ಲಿ ಸ್ಥಾಪಿಸಿದ ಅನಾಥ ಶಿಶುಗಳ ಆಶ್ರಮ ಇದ್ದ ನೆಲ ಅದು. ಮರಳು, ಹುಲ್ಲು, ನೆರಳು ಇವೆ. ಮಗುವನ್ನು ಅಂಬೆಗಾಲಿಗೆ ಬಿಟ್ಟು ನೀವು ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದು. ಅನೇಕ ಬಡಾವಣೆಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಶಿಶುಗಳಿಗೆಂದೇ ಹಾಡಿನ ತರಗತಿ ಉಚಿತವಾಗಿ ನಡೆಯುತ್ತದೆ. ಮೂರು ವಾರದಲ್ಲಿ ನಾಲ್ಕು ಅಮ್ಮಂದಿರ ಪರಿಚಯವಾಗಲಿ ಎಂಬ ಆಸೆಯಿದ್ದರೆ ಅಲ್ಲಿಗೆ ಹೋಗಿ. ಭಾನುವಾರ ಪತಿಯ ಜೊತೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ನಡೆಯಿರಿ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಬಸವಣ್ಣನವರ ಪ್ರತಿಮೆ ಅಲ್ಲಿದೆ.

ಎಲ್ಲೇ ಇದ್ದರೂ ಮಗುವಿಗೆ ಹಸಿವಾದರೆ ಅಲ್ಲೇ ಕುಳಿತು ಎದೆಹಾಲು ಕೊಡಿ. 2010ರ ಸಮಾನತಾ ಕಾಯ್ದೆಯ ಪ್ರಕಾರ ಹೋಟೆಲು, ಬಸ್ಸು, ಅಂಗಡಿ ಎಲ್ಲಿಯೂ ನಿಮ್ಮನ್ನು ಎಬ್ಬಿಸುವಂತಿಲ್ಲ. ಮೈಸೂರಿನಲ್ಲಿ ಮೂಲೆ ಹುಡುಕುವ ಸಂಕೋಚವನ್ನು ಅಲ್ಲಿಗೆ ಒಯ್ಯಬೇಕಿಲ್ಲ.

ಊಟದ ವಿಷಯಕ್ಕೆ ಬರೋಣ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ರಾಗಿ ಹಿಟ್ಟನ್ನು ಮೂರು ವಾರಕ್ಕಾಗುವಷ್ಟು ಗಾಳಿಯಾಡದ ಪೊಟ್ಟಣದಲ್ಲಿ ಒಯ್ಯಿರಿ. ಅದಕ್ಕೆ ಹಾಲಿನ ಪುಡಿ ಬೆರೆಸಬೇಡಿ. ಅತ್ತೆ ತುಪ್ಪದ ಡಬ್ಬಿ ಕಟ್ಟಿಕೊಡುವುದು ಖಂಡಿತ, ಅದನ್ನು ಮಾತ್ರ ವಿನಯದಿಂದ ಮನೆಯಲ್ಲೇ ಬಿಡಿ. ಭಾರತದಿಂದ ಬ್ರಿಟನ್ನಿಗೆ ಹಾಲಿನ ಉತ್ಪನ್ನ ಒಯ್ಯುವಂತಿಲ್ಲ. ತುಪ್ಪ, ಪೇಡ ಎಲ್ಲವೂ ಅದರಲ್ಲಿ ಬಂತು. ಶಿಶುಗಳ ಹಾಲಿನ ಪುಡಿಗೆ ವಿನಾಯಿತಿ ಇದೆ: ಕಂಪನಿಯ ಮೊಹರಿನ ಡಬ್ಬಿಯಾಗಿರಬೇಕು, ಶೈತ್ಯ ಬೇಡದ್ದಾಗಿರಬೇಕು, ತಲಾ ಎರಡು ಕಿಲೋ ಮೀರಬಾರದು. ತುಪ್ಪ ಈಸ್ಟ್ ಹ್ಯಾಮ್, ಟೂಟಿಂಗ್, ವೆಂಬ್ಲಿಯ ಅಂಗಡಿಗಳಲ್ಲಿ ಸಾಲಾಗಿ ಜೋಡಿಸಿರುತ್ತಾರೆ. ರಾಗಿ ಹಿಟ್ಟು ಮುಗಿದರೆ ಶ್ರೀಲಂಕಾದವರ ಅಂಗಡಿಯಲ್ಲಿ ಕುರಕ್ಕನ್ ಹಿಟ್ಟು ಕೇಳಿ, ಅದೇ ರಾಗಿ. ಜೇನುತುಪ್ಪವನ್ನು ಮಾತ್ರ ವರ್ಷ ತುಂಬುವವರೆಗೆ ಅಲ್ಲೂ ಬೇಡ, ಇಲ್ಲೂ ಬೇಡ. ಪುಡಿ ಹಾಲು ಕಲಸುವುದಾದರೆ ಕುದಿಸಿ ಅರ್ಧ ಗಂಟೆ ಮೀರದ ನೀರು ಬಳಸಿ. ನೀರು 70 ಡಿಗ್ರಿಗಿಂತ ತಣ್ಣಗಾದರೆ ಪುಡಿಯಲ್ಲಿರಬಹುದಾದ ಸೂಕ್ಷ್ಮಾಣುಗಳು ಸಾಯುವುದಿಲ್ಲ. ಕಲಸಿದ ಮೇಲೆ ಆರಿಸಿ ಕೊಡಿ.

ಈಗ ಜ್ವರ. ಇಲ್ಲಿ ಸ್ವಲ್ಪ ನಿಂತು ಓದಿ. ನಮ್ಮಲ್ಲಿ ಶಿಶುಗಳಿಗೆ ಕೊಡುವ ಪ್ಯಾರಾಸಿಟಮಾಲ್ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಔಷಧ ಇರುತ್ತದೆ. ಲಂಡನ್ನಿನ ಅಂಗಡಿಯಲ್ಲಿ ಸಿಗುವ ಶಿಶುಗಳ ಪ್ಯಾರಾಸಿಟಮಾಲ್ ದ್ರವದ ಐದು ಮಿಲಿಲೀಟರಿನಲ್ಲಿ 120 ಮಿಲಿಗ್ರಾಂ, ಅಂದರೆ ಒಂದು ಮಿಲಿಲೀಟರಿಗೆ 24. ಎರಡರ ನಡುವೆ ನಾಲ್ಕು ಪಟ್ಟು ಅಂತರ. ಅಲ್ಲಿನ ಔಷಧ ಅಂಗಡಿಯವರು ‘ಐದು ಮಿಲಿಲೀಟರ್ ಕೊಡಿ’ ಎಂದದ್ದನ್ನು ಕೇಳಿ, ನೀವು ಚೀಲದಲ್ಲಿರುವ ನಮ್ಮ ಡ್ರಾಪ್ಸ್ ಬಾಟಲಿಯಿಂದ ಐದು ಮಿಲಿಲೀಟರ್ ಅಳೆದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ. ಅದು ಅಪಾಯದ ಪ್ರಮಾಣ. ಆದ್ದರಿಂದ ಒಂದೇ ದೇಶದ ಬಾಟಲಿ ಇಟ್ಟುಕೊಳ್ಳಿ. ಹೊರಡುವ ವಾರ ಮಗುವನ್ನು ತೂಗಿಸಿ, ಆ ತೂಕಕ್ಕೆ ಎಷ್ಟು ಎಂದು ನಿಮ್ಮ ವೈದ್ಯರಿಂದಲೇ ಬಾಟಲಿಯ ಮೇಲೆ ಬರೆಸಿಕೊಳ್ಳಿ. ಜೊತೆಗೆ ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್ ಇರಲಿ.

ಸಣ್ಣಪುಟ್ಟದ್ದಕ್ಕೆ ಮೊದಲು ಹತ್ತಿರದ ಔಷಧ ಅಂಗಡಿಗೆ ಹೋಗಿ. ಅಲ್ಲಿನ ಫಾರ್ಮಸಿಸ್ಟ್ ತಾಳ್ಮೆಯಿಂದ ಸಲಹೆ ಕೊಡುತ್ತಾರೆ. ಹಗಲಿರುಳೆನ್ನದೆ 111ಕ್ಕೆ ಕರೆ ಮಾಡಿ ಎಲ್ಲಿಗೆ ಹೋಗಬೇಕೆಂದು ಕೇಳಬಹುದು. ಮಗು ಉಸಿರಾಡಲು ಕಷ್ಟಪಡುತ್ತಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಗುಳ್ಳೆ ಕಂಡರೆ 999. ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಹೆಸರು ಕೇಳಿರುತ್ತೀರಿ. 1852ರಿಂದ ಇರುವ, ಜಗತ್ಪ್ರಸಿದ್ಧ ಆಸ್ಪತ್ರೆ, ಆದರೆ ಅಲ್ಲಿ ತುರ್ತು ಚಿಕಿತ್ಸಾ ವಿಭಾಗವೇ ಇಲ್ಲ. ಗಾಬರಿಯಲ್ಲಿ ಅಲ್ಲಿಗೆ ಓಡಬೇಡಿ. ಮನೆ ಸಿಕ್ಕಿದ ದಿನವೇ ಹತ್ತಿರದ ತುರ್ತು ವಿಭಾಗ ಯಾವುದೆಂದು ನೋಡಿ ಗೋಡೆಯ ಮೇಲೆ ಬರೆದು ಅಂಟಿಸಿ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ವಿದೇಶಿಯರಿಗೂ ಹಣವಿಲ್ಲ. ಆದರೆ ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಬಿಲ್ಲು ಓಡುತ್ತದೆ, ಅದೂ ಮಾಮೂಲಿ ದರದ ಒಂದೂವರೆ ಪಟ್ಟು. ಮಗುವಿನ ಹೆಸರಿಗೂ ಪ್ರವಾಸ ವಿಮೆ ಮಾಡಿಸದೆ ವಿಮಾನ ಹತ್ತಬೇಡಿ.

ಒಂಬತ್ತು ತಿಂಗಳು ತುಂಬಿದಾಗ ಕೊಡುವ ದಡಾರ-ರುಬೆಲ್ಲಾ ಲಸಿಕೆಯನ್ನು ಒಂದು ದಿನವೂ ಮುಂದೂಡಬೇಡಿ. ಇಂಗ್ಲೆಂಡಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ದಡಾರ ಮತ್ತೆ ತಲೆಯೆತ್ತಿದೆ. ಲಸಿಕೆಗೂ ಪ್ರಯಾಣಕ್ಕೂ ಎರಡು ವಾರದ ಅಂತರವಿದ್ದರೆ ಒಳ್ಳೆಯದು, ನಿಮ್ಮ ದಿನಾಂಕಗಳಿಗೆ ಅದು ಹೊಂದುತ್ತದೆ.

ಚಳಿಯ ಬಗ್ಗೆ ಅತ್ತೆಗೆ ಹೀಗೆ ಹೇಳಿ: ಮೇ ತಿಂಗಳ ಲಂಡನ್ ಹಗಲು ಸಾಮಾನ್ಯವಾಗಿ ಹದಿನೇಳು-ಹದಿನೆಂಟು ಡಿಗ್ರಿ, ಮಡಿಕೇರಿಯ ಡಿಸೆಂಬರ್ ರಾತ್ರಿಗಿಂತ ಬೆಚ್ಚಗೆ. ತೆಳುವಾದ ಮೂರು ಪದರ ಬಟ್ಟೆ, ಮೇಲೊಂದು ಮಳೆ ತಡೆಯುವ ಕೋಟು ಸಾಕು. ಅತಿಯಾಗಿ ಹೊದಿಸುವುದರಿಂದಲೂ ಮಗುವಿಗೆ ತೊಂದರೆಯಾಗುತ್ತದೆ. ಮನೆಯೊಳಗೆ, ಬಸ್ಸಿನೊಳಗೆ ಕುಲಾವಿ ತೆಗೆಯಿರಿ. ಕುಲಾವಿ ಹಾಕಿ ಮಲಗಿಸಲೇಬೇಡಿ. ಮಲಗುವ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸರಿ ಎನ್ನುವುದು ಅಲ್ಲಿನ ಶಿಶುತಜ್ಞರ ಸಲಹೆ.

ವಿಮಾನದ ಬಗ್ಗೆ ಎರಡೇ ಮಾತು. ಬೆಂಗಳೂರಿನಿಂದ ನೇರ ವಿಮಾನ ಇರುವಾಗ ನಾಲ್ಕು ಕಾಸು ಉಳಿಸಲು ಮಧ್ಯರಾತ್ರಿ ಮತ್ತೊಂದು ಊರಿನಲ್ಲಿ ಇಳಿದು ಹತ್ತುವ ಟಿಕೆಟ್ ಬೇಡ. ಮುಂದಿನ ಸಾಲಿನ ತೊಟ್ಟಿಲು ಕೇಳುವಾಗ ಅದರ ತೂಕದ ಮಿತಿಯನ್ನೂ ಕೇಳಿ, ಹತ್ತು ತಿಂಗಳ ಗುಂಡು ಮಗು ಕೆಲವು ವಿಮಾನಗಳ ತೊಟ್ಟಿಲಿಗೆ ಭಾರವಾಗುತ್ತದೆ. ಕಿವಿನೋವು ಏರುವಾಗಿಗಿಂತ ಇಳಿಯುವಾಗ ಜಾಸ್ತಿ, ನೆಲ ಮುಟ್ಟುವ ಅರ್ಧ ಗಂಟೆ ಮೊದಲಿನಿಂದ ಹಾಲೂಡಿಸಿ. ಮಗು ನಿದ್ದೆ ಮಾಡಲಿ ಎಂದು ನೆಗಡಿಯ ಸಿರಪ್ ಕುಡಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಕೆಲವು ಮಕ್ಕಳು ಅದರಿಂದ ಇನ್ನಷ್ಟು ಚಡಪಡಿಸುತ್ತಾರೆ, ಕೆಲವರ ಉಸಿರಾಟವೇ ನಿಧಾನವಾಗುತ್ತದೆ. ಅತ್ತರೆ ಅಳಲಿ. ಆ ವಿಮಾನದಲ್ಲಿ ಕುಳಿತವರೆಲ್ಲ ಒಂದು ಕಾಲದಲ್ಲಿ ಅತ್ತವರೇ.

ಇಷ್ಟೆಲ್ಲಕ್ಕೂ ಮೊದಲು ಪಾಸ್‌ಪೋರ್ಟ್ ಆಗಬೇಕು, ಅದಕ್ಕೆ ಈ ವಾರವೇ ಅರ್ಜಿ ಹಾಕಿ. ಅಪ್ಪ-ಅಮ್ಮ ಇಬ್ಬರೂ ಸಹಿ ಹಾಕಿದ ಅನುಬಂಧ ‘ಡಿ’ ಎಂಬ ಘೋಷಣಾ ಪತ್ರ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ ಫೋಟೊವನ್ನು ನೀವೇ ತೆಗೆಸಿಕೊಂಡು ಹೋಗಬೇಕು. ಮನೆಯಲ್ಲೇ ಬಿಳಿ ಪಂಚೆ ಹಾಸಿ, ಮಗು ಹೊಟ್ಟೆ ತುಂಬಿ ಖುಷಿಯಾಗಿರುವಾಗ ಮೇಲಿನಿಂದ ಚಿತ್ರ ತೆಗೆದರೆ ಸ್ಟುಡಿಯೊ ಅಲೆದಾಟ ತಪ್ಪುತ್ತದೆ. ಬ್ರಿಟನ್ ವೀಸಾಕ್ಕೆ ಮಗುವಿನದ್ದು ಪ್ರತ್ಯೇಕ ಅರ್ಜಿ, ಪ್ರತ್ಯೇಕ ಶುಲ್ಕ. ಐದು ವರ್ಷದೊಳಗಿನವರ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಆದರೂ ಅಲ್ಲೇ ಫೋಟೊ ತೆಗೆಯುವುದರಿಂದ ಮಗುವನ್ನು ವೀಸಾ ಕೇಂದ್ರಕ್ಕೆ ಕರೆದೊಯ್ಯಲೇಬೇಕು. ಅದಾದ ಮೇಲೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಮೇ ತಿಂಗಳು ರಜೆಯ ಕಾಲ, ಇನ್ನೊಂದು ವಾರ ಹೆಚ್ಚೇ ಇಟ್ಟುಕೊಳ್ಳಿ. ವೀಸಾ ಕೈಗೆ ಬರುವವರೆಗೆ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ.